ಮರೆಯಲ್ಲಿರಲಿ, ಮರೆತುಹೋಗದಿರಲಿ



ಒಂದು ಕಾಲಕ್ಕೆ ಚಿತ್ರಮಂದಿರಗಳಿಗೂ ದೊಡ್ಡ ಹೋಟೆಲುಗಳಿಗೂ ಸೀಮಿತವಾಗಿದ್ದ ಹವಾನಿಯಂತ್ರಣ ಯಂತ್ರ, ಅಂದರೆ ಎ.ಸಿ., ಇಂದು ಸಾಮಾನ್ಯ ಮನೆಗಳಿಗೂ ಬಂದಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದನ್ನು ಬರೀ ಷೋಕಿ ಎನ್ನುವಂತಿಲ್ಲ. ಕೊಳ್ಳುವಾಗ ನಾವು ಬೆಲೆ ವಿಚಾರಿಸುತ್ತೇವೆ, ಅದರ ಮೇಲಿನ ನಕ್ಷತ್ರಗಳನ್ನು ಎಣಿಸುತ್ತೇವೆ. ಆದರೆ ಕೋಣೆಯೊಳಗಿನ ಪೆಟ್ಟಿಗೆಯನ್ನೂ ಹೊರಗಿನ ಪೆಟ್ಟಿಗೆಯನ್ನೂ ಜೋಡಿಸುವ ತಾಮ್ರದ ಕೊಳವೆಗಳು ಯಾವ ದಾರಿಯಲ್ಲಿ ಸಾಗಬೇಕೆಂದು ಯೋಚಿಸುವವರು ವಿರಳ. "ನೋಡೋಕೆ ಚೆನ್ನಾಗಿರಲ್ಲ, ಗೋಡೆಯೊಳಗೆ ಹಾಕಿಬಿಡಿ" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಹಾಗೆ ಹೇಳುವ ಮುನ್ನ ತಿಳಿದಿರಬೇಕಾದ ವಿಜ್ಞಾನವೇ ಇಂದಿನ ನಮ್ಮ ವಿಷಯ.

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ. ಈ ಹೊರೆ ಹೊರುವುದು ಶೀತಕ ಎಂಬ ದ್ರವ್ಯ. ಒಳಗಿನ ಪೆಟ್ಟಿಗೆಯಲ್ಲಿ ಅದು ಆವಿಯಾಗುತ್ತಾ ಶಾಖ ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಮತ್ತೆ ದ್ರವವಾಗುತ್ತಾ ಆ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಟನ್ ಎ.ಸಿ. ಎಂದರೆ 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಸಾಗಿಸಬಲ್ಲ ಯಂತ್ರ. ಇಷ್ಟು ದೊಡ್ಡ ಸಾಗಣೆ ನಡೆಯುವುದು ಎರಡು ಸಣ್ಣ ಕೊಳವೆಗಳಲ್ಲಿ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಕೊಳವೆ ಕಾಲು ಅಂಗುಲದ್ದು, ಇನ್ನೊಂದು ಅರ್ಧ ಅಂಗುಲದ ಆಸುಪಾಸಿನದು. ಜೊತೆಗೆ ವಿದ್ಯುತ್ ತಂತಿ ಮತ್ತು ನೀರು ಹೊರಹೋಗುವ ಪೈಪು. ಈ ನಾಲ್ಕಕ್ಕೂ ದಾರಿ ಬೇಕು.

ಬೇಸಿಗೆಯಲ್ಲಿ ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ನೀರು ಸುರಿದರೆ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲವೇ? ಗಾಳಿಯಲ್ಲಿರುವ ನೀರಾವಿಯು ತಣ್ಣನೆಯ ಮೇಲ್ಮೈ ತಾಗಿ ಹನಿಗಟ್ಟುತ್ತದೆ. ಮಂಗಳೂರಿನಂಥ ಊರಿನಲ್ಲಿ ಉಷ್ಣಾಂಶ 32 ಡಿಗ್ರಿ, ಸಾಪೇಕ್ಷ ತೇವಾಂಶ ಶೇಕಡಾ 70 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವೂ ಬೆವರಲೇಬೇಕು. ಎ.ಸಿ.ಯ ಕೊಳವೆ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಮನೆಗಳ ಬಹುತೇಕ ಯಂತ್ರಗಳಲ್ಲಿ ಶೀತಕದ ಒತ್ತಡವನ್ನು ಇಳಿಸುವ ಭಾಗ ಹೊರಗಿನ ಪೆಟ್ಟಿಗೆಯಲ್ಲೇ ಇರುವುದರಿಂದ ಎರಡು ಕೊಳವೆಗಳೂ ತಣ್ಣಗಿರುತ್ತವೆ. ಆದ್ದರಿಂದ ಎರಡಕ್ಕೂ ಪ್ರತ್ಯೇಕವಾಗಿ, ಎಲ್ಲೂ ಬಿರುಕಿಲ್ಲದಂತೆ, ರಬ್ಬರ್ ನೊರೆಯ ಹೊದಿಕೆ ತೊಡಿಸಬೇಕು. ಹೊದಿಕೆ ಒಂದು ಗೇಣು ಹರಿದಿದ್ದರೂ ಸಾಕು, ಗೋಡೆಯೊಳಗೆ ಅಲ್ಲಿ ನೀರು ಹನಿಯುತ್ತದೆ. ಮೊದಲು ಬಣ್ಣ ಉಬ್ಬುತ್ತದೆ, ಬಳಿಕ ಬೂಷ್ಟು ಹಿಡಿಯುತ್ತದೆ.

ಒಳಗಿನ ಪೆಟ್ಟಿಗೆಯೂ ಹೀಗೆಯೇ ಬೆವರುತ್ತದೆ. ತೇವವಿರುವ ದಿನಗಳಲ್ಲಿ ಗಂಟೆಗೆ ಲೀಟರಿನಷ್ಟು ನೀರು ಬರುವುದುಂಟು. ಶೀತಕವನ್ನು ನೂಕಲು ಯಂತ್ರವಿದೆ. ಈ ನೀರನ್ನು ಎಳೆಯಲು ಇರುವುದು ಗುರುತ್ವಾಕರ್ಷಣೆ ಮಾತ್ರ. ಪ್ರತಿ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಬೇಕು. ಹಾಗಾಗಿ ಗೋಡೆಯೊಳಗಿನ ದಾರಿಯನ್ನು ಗೊತ್ತುಮಾಡುವಾಗ ತಾಮ್ರಕ್ಕಿಂತ ಮೊದಲು ನೀರಿನ ಅನುಕೂಲವನ್ನು ಕೇಳಬೇಕು. ಗಾರೆ ಮೆತ್ತುವ ಮುನ್ನ ಒಂದು ಚೊಂಬು ನೀರು ಸುರಿದು, ಅಷ್ಟೂ ಹೊರಗೆ ಬಂತೇ ಎಂದು ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ.

ಇನ್ನು ಗೋಡೆಯ ಮಾತು. ಇಟ್ಟಿಗೆ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೊರೆಯುವ ತೋಡು ಗೋಡೆಯ ದಪ್ಪದ ಮೂರನೇ ಒಂದು ಭಾಗವನ್ನೂ, ಅಡ್ಡವಾಗಿ ಕೊರೆಯುವ ತೋಡು ಆರನೇ ಒಂದು ಭಾಗವನ್ನೂ ಮೀರಬಾರದೆಂಬುದು ಭಾರತೀಯ ಮಾನಕದ ನಿಯಮ. 9 ಅಂಗುಲದ ಗೋಡೆಗೆ ಇದು ಕ್ರಮವಾಗಿ 3 ಅಂಗುಲ, ಒಂದೂವರೆ ಅಂಗುಲ. ನಾಲ್ಕೂವರೆ ಅಂಗುಲದ ಗೋಡೆಗೆ ಒಂದೂವರೆ ಹಾಗೂ ಮುಕ್ಕಾಲು ಅಂಗುಲ. ಹೊದಿಕೆ ತೊಟ್ಟ ಕೊಳವೆಗಳ ಕಟ್ಟು ಎರಡು-ಮೂರು ಅಂಗುಲ ದಪ್ಪವಿರುತ್ತದೆ. ಲೆಕ್ಕ ನೀವೇ ಹಾಕಿ: ತೆಳು ಗೋಡೆಯಲ್ಲಿ ಅದನ್ನು ಹುದುಗಿಸಲು ಜಾಗವೇ ಇಲ್ಲ. ಕಾಂಕ್ರೀಟಿನ ಕಂಬ, ತೊಲೆಗಳನ್ನಂತೂ ಮುಟ್ಟಲೇಬಾರದು. ಒಳಗಿನ ಪೆಟ್ಟಿಗೆಯನ್ನು ಹೊರಗೋಡೆಗೇ ಕೂರಿಸಿ, ಹೊರಮುಖವಾಗಿ ತುಸು ಇಳಿಜಾರಿರುವ ಒಂದೇ ರಂಧ್ರದಿಂದ ಎಲ್ಲವನ್ನೂ ದಾಟಿಸುವುದು ಎಲ್ಲಕ್ಕಿಂತ ಸರಳ. ಹೊರಗೆ ಕಾಣುವ ಭಾಗಕ್ಕೆ ಪ್ಲಾಸ್ಟಿಕ್ ಕವಚ ತೊಡಿಸಿ ಗೋಡೆಯದೇ ಬಣ್ಣ ಬಳಿದರೆ ಕಣ್ಣಿಗೂ ಹಿತ, ಬೇಕಾದಾಗ ಬಿಚ್ಚಲೂ ಸುಲಭ.

ಗೋಡೆಯೊಳಗೇ ಹೋಗಬೇಕಾದಾಗ ಕೊಳವೆ ಇಡಿಯಾಗಿರಬೇಕು, ನಡುವೆ ಬೆಸುಗೆಯಾಗಲಿ ಜೋಡಣೆಯಾಗಲಿ ಇರಬಾರದು. ತಿರುವುಗಳನ್ನು ಉಪಕರಣದಿಂದ ಬಾಗಿಸಬೇಕು. ಕೈಯಿಂದ ಬಗ್ಗಿಸಿ ಕೊಳವೆ ಚಪ್ಪಟೆಯಾದರೆ ಶೀತಕದ ಹರಿವಿಗೆ ಅಡ್ಡಿ. ಗಾರೆಗೆ ಮುನ್ನ ಒಣ ಸಾರಜನಕವನ್ನು ಒತ್ತಡದಲ್ಲಿ ತುಂಬಿ, ಮಾಪಕದ ಮುಳ್ಳು ಒಂದು ಹಗಲು ಒಂದು ರಾತ್ರಿ ಇಳಿಯದೆ ನಿಲ್ಲುವುದೇ ಎಂದು ನೋಡಬೇಕು. ಸಾರಜನಕದ ಬದಲು ಆಮ್ಲಜನಕವನ್ನು ಎಂದಿಗೂ ಬಳಸಕೂಡದು; ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಅದು ಸ್ಫೋಟಿಸಬಲ್ಲದು. ಯಂತ್ರ ಜೋಡಿಸುವ ದಿನ ಪಂಪಿನಿಂದ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರಗೆಳೆಯುತ್ತಾರೆ. ಒತ್ತಡ 24 ಮಿಲಿಮೀಟರ್ ಪಾದರಸಕ್ಕೆ ಇಳಿದರೆ ನೀರು 25 ಡಿಗ್ರಿಯಲ್ಲೇ ಕುದಿಯುತ್ತದೆ ಎಂದು ಓದಿದ್ದೀರಿ. ಪಂಪು ಅದಕ್ಕಿಂತಲೂ ಬಹಳ ಕೆಳಗಿಳಿಸುವುದರಿಂದ ಒಳಗಿನ ತೇವ ಆವಿಯಾಗಿ ಹೊರಟುಹೋಗುತ್ತದೆ. ನಿಮ್ಮ ಭೌತಶಾಸ್ತ್ರದ ಒಂದು ಪಾಠ ಇಲ್ಲಿ ಕೆಲಸಕ್ಕೆ ನಿಂತಿದೆ.

ಇಷ್ಟೆಲ್ಲ ಎಚ್ಚರಿಕೆ ಏಕೆ? ಶೀತಕ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಪ್ರತಿ ಬೇಸಿಗೆಯಲ್ಲೂ "ಗ್ಯಾಸ್ ತುಂಬಿಸಬೇಕು" ಎಂದಾದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಹಿಂದಿನ ಆರ್-22 ಓಜೋನ್ ಪದರಕ್ಕೆ ಮಾರಕವಾದ್ದರಿಂದ 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಕೈಬಿಡಲಾಗುತ್ತಿದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಆರ್-32 ಓಜೋನಿಗೆ ಕೆಡುಕು ಮಾಡದಿದ್ದರೂ, ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು ಪ್ರಬಲ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಅದಲ್ಲದೆ ಆರ್-32 ಅಲ್ಪಮಟ್ಟಿಗೆ ಉರಿಯುವ ಅನಿಲ; ಆರ್-290 ಎಂದರೆ ಸಾಕ್ಷಾತ್ ಪ್ರೋಪೇನ್. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಸೋರುವುದು ಹುಡುಗಾಟದ ಮಾತಲ್ಲ.

ನಮ್ಮ ಟೆಲಿವಿಷನ್ ಸ್ಟುಡಿಯೋಗಳಲ್ಲೂ ಹತ್ತಾರು ಕೇಬಲುಗಳಿರುತ್ತವೆ. ಅವು ಕ್ಯಾಮೆರಾ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತೇವೆ. ಆದರೆ ಯಾವುದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕೆಲಸಗಾರರಿಗೆ ಗೊತ್ತಿರಲೇಬೇಕು. ಮನೆಗೂ ಇದೇ ನಿಯಮ. ಗಾರೆಗೆ ಮುನ್ನ ಅಳತೆಪಟ್ಟಿ ಹಿಡಿದು ಛಾಯಾಚಿತ್ರ ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಬಾಗಿಲ ಚೌಕಟ್ಟಿನಿಂದ ಎಷ್ಟು ದೂರ ಎಂದು ಬರೆದು ಮನೆಯ ಕಾಗದಪತ್ರಗಳೊಡನೆ ಇಡಿ. ಐದು ವರ್ಷಗಳ ಬಳಿಕ ಯಾರೋ ಕ್ಯಾಲೆಂಡರಿಗೆಂದು ಹೊಡೆಯುವ ಮೊಳೆ ಆ ಕೊಳವೆಗೆ ತಾಗದಂತೆ ತಡೆಯುವುದು ಈ ಒಂದು ಹಾಳೆ.

ನಿಮ್ಮ ಮನೆಗೋ ನೆರೆಮನೆಗೋ ಎ.ಸಿ. ಬಂದರೆ ಕೆಲಸದವರ ಪಕ್ಕದಲ್ಲಿ ನಿಂತು ವಿನಯದಿಂದ ಮೂರು ಪ್ರಶ್ನೆ ಕೇಳಿ: ಗೋಡೆಯೊಳಗೆ ಜೋಡಣೆ ಏನಾದರೂ ಇದೆಯೇ? ನೀರಿಗೆ ಇಳಿಜಾರು ಸಿಕ್ಕಿದೆಯೇ? ಮುಚ್ಚುವ ಮುನ್ನ ಒತ್ತಡದ ಪರೀಕ್ಷೆ ಆಯಿತೇ? ಕಸುಬು ಬಲ್ಲವರು ಸಂತೋಷದಿಂದಲೇ ಉತ್ತರಿಸುತ್ತಾರೆ. ಈ ಕಸುಬನ್ನು ಕಲಿಸುವ ತರಬೇತಿ ಐ.ಟಿ.ಐ.ಗಳಲ್ಲಿ ಇದೆ ಎಂಬುದನ್ನೂ, ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು ಗಮನಿಸಿ.