ನಿಸರ್ಗದಲ್ಲಿ ಇಲ್ಲದ ಬಣ್ಣ



 

ನಾನು ಬೋಗಾದಿಯಲ್ಲಿ ಉರ್ದು ಮತ್ತು ಕನ್ನಡ ಹೇಳಿಕೊಡುವ ಶಿಕ್ಷಕಿ, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಇಂದು ಬಣ್ಣದ ವಿಜ್ಞಾನದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಕಾರಣ, ನಾನು ಒಂದು ಮಗುವಿಗೆ ಉತ್ತರ ಕೊಡಬೇಕಾಗಿದೆ.

ಒಂದು ದಿನ ಏಳನೇ ತರಗತಿಯಲ್ಲಿ ಬಣ್ಣಗಳ ಹೆಸರು ಬರೆಸುತ್ತಿದ್ದೆ. ಉರ್ದುವಿನಲ್ಲಿ ಪ್ಯಾಜಿ, ಬೈಂಗನಿ, ಬಾದಾಮಿ, ನಾರಂಗಿ. ಕನ್ನಡದಲ್ಲಿ ಕಿತ್ತಳೆ, ನೇರಳೆ, ಗಿಳಿಹಸಿರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಲ್ಲ ಹೆಸರೂ ಹಣ್ಣು, ತರಕಾರಿ, ಹಕ್ಕಿಯಿಂದಲೇ ಬಂದಿದೆ. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಬಣ್ಣವನ್ನು ನಾವು ಮಾಡಬಹುದಾ?" ಎಂದಳು. ನಾನು, "ಅದೆಲ್ಲ ಆಗುವುದಿಲ್ಲ, ಕೂತ್ಕೋ" ಎಂದುಬಿಟ್ಟೆ. ಅವಳು ಕುಳಿತಳು. ಆ ವರ್ಷವೆಲ್ಲ ಮತ್ತೆ ಪ್ರಶ್ನೆ ಕೇಳಲಿಲ್ಲ.

ಸ್ನೇಹಿತರೇ, ಆ ಪ್ರಶ್ನೆ ಎಷ್ಟು ದೊಡ್ಡದೆಂದು ನನಗೆ ಆಮೇಲೆ ತಿಳಿಯಿತು. ಬನ್ನಿ, ಒಟ್ಟಿಗೆ ಯೋಚಿಸೋಣ.

ಮೊದಲು ನಮ್ಮ ಊರಿನದೇ ಉದಾಹರಣೆ ನೋಡಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಅದೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಸಂಸ್ಥೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಇಲ್ಲಿಂದಲೇ ಹೋಗುತ್ತಿದೆ. ಹಚ್ಚಿದಾಗ ಅದು ನೇರಳೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೆ ಸೇರಿ, ಬೆಳಕು ಬಿದ್ದ ಮೇಲೆ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಇಂತಹ ಶಾಯಿ ಯಾವ ಗಿಡದಲ್ಲೂ ಸಿಗದು, ಇದು ಮನುಷ್ಯನ ಬುದ್ಧಿಯಿಂದ ಬಂದದ್ದು. ಆದರೆ ಕಣ್ಣಿಗೆ ಕಾಣುವ ನೇರಳೆಯಾಗಲಿ ಕಪ್ಪಾಗಲಿ ಹೊಸದೇ? ಅಲ್ಲ. ನೇರಳೆ ಹಣ್ಣಿನಲ್ಲಿದೆ, ಇದ್ದಿಲಿನಲ್ಲಿದೆ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ವಿದ್ಯಾರ್ಥಿ ಮಲೇರಿಯಾಕ್ಕೆ ಔಷಧಿಯಾದ ಕ್ವಿನೈನ್ ತಯಾರಿಸಲು ಹೊರಟ. ಔಷಧಿ ಬರಲಿಲ್ಲ, ಬಟ್ಟೆಗೆ ಹತ್ತುವ ನೇರಳೆ ಬಣ್ಣ ಬಂತು. ಕೃತಕ ಬಣ್ಣಗಳ ಉದ್ಯಮ ಬೆಳೆದದ್ದು ಅಲ್ಲಿಂದ. ಅಲ್ಲಿಯೂ ವಸ್ತು ಹೊಸದು, ಬಣ್ಣ ಹಳೆಯದು.

ಹಾಗಾದರೆ ಬಣ್ಣ ಇರುವುದು ಎಲ್ಲಿ? ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ್ದ ಇಬ್ನ್ ಅಲ್-ಹೈಸಮ್ ತಮ್ಮ 'ಕಿತಾಬ್ ಅಲ್-ಮನಾಜಿರ್' ಗ್ರಂಥದಲ್ಲಿ, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರಿದಾಗಲೇ ನೋಟ ಉಂಟಾಗುತ್ತದೆ ಎಂದು ವಿವರಿಸಿದರು. ಅಂದರೆ ವಸ್ತುವಿದ್ದರೆ ಸಾಲದು, ಬೆಳಕು ಬೇಕು, ಕಣ್ಣೂ ಬೇಕು.

ಇದನ್ನು ಇಂದೇ ಮನೆಯಲ್ಲಿ ಪರೀಕ್ಷಿಸಿ. ಮೊಬೈಲಿನಲ್ಲಿ ಹಳದಿ ಚಿತ್ರವೊಂದನ್ನು ತೆರೆದು, ಪರದೆಯ ಮೇಲೆ ಸಾಸಿವೆಯಷ್ಟು ನೀರಿನ ಹನಿ ಇಡಿ. ಹನಿಯೊಳಗೆ ನಿಮಗೆ ಕಾಣುವುದು ಕೆಂಪು ಮತ್ತು ಹಸಿರಿನ ಚುಕ್ಕೆಗಳು! ಅಲ್ಲಿ ಹಳದಿ ಬೆಳಕೇ ಇಲ್ಲ. ಆ ಹಳದಿಯನ್ನು ಮಾಡುತ್ತಿರುವುದು ನಿಮ್ಮ ಕಣ್ಣು ಮತ್ತು ಮೆದುಳು.

ನಮ್ಮ ಕಣ್ಣಿನ ಹಿಂಭಾಗದಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕುಕೋಶಗಳಿವೆ. ಅವುಗಳಲ್ಲಿ ನಡುವಿನ ಬಗೆಯ ಕೋಶವನ್ನು ಮುಟ್ಟುವ ಯಾವ ಬೆಳಕೂ ಪಕ್ಕದ ಬಗೆಯನ್ನೂ ಒಂದಿಷ್ಟು ಮುಟ್ಟಿಯೇ ಮುಟ್ಟುತ್ತದೆ. ಸೂರ್ಯನ ಬೆಳಕಿನಲ್ಲಾಗಲಿ ದೀಪದ ಬೆಳಕಿನಲ್ಲಾಗಲಿ ಅದೊಂದೇ ಎಚ್ಚರಗೊಳ್ಳುವುದಿಲ್ಲ. ಅಮೆರಿಕದ ಬರ್ಕಲಿಯ ವಿಜ್ಞಾನಿಗಳು ಇದನ್ನೇ ಸಾಧಿಸಲು ಹೊರಟರು. ಕಣ್ಣಿನ ಒಂದೊಂದು ಕೋಶವನ್ನೂ ಗುರುತಿಸಿ, ನಡುವಿನ ಬಗೆಯ ಕೋಶಗಳ ಮೇಲೆ ಮಾತ್ರ ಸೂಕ್ಷ್ಮವಾದ ಲೇಸರ್ ಬೆಳಕು ಬೀರಿದರು. ಐದು ಜನ ಅದನ್ನು ನೋಡಿದರು. ಎಂದೂ ಕಂಡಿರದಷ್ಟು ಗಾಢವಾದ ನೀಲಿಹಸಿರು ಎಂದರು. 2025ರ ಏಪ್ರಿಲ್‌ನಲ್ಲಿ ಈ ಸಂಗತಿ ಪ್ರಕಟವಾಯಿತು. ಇದು ಹೊಸ ಬಣ್ಣವಲ್ಲ, ಹಸಿರೇ ಹೆಚ್ಚು ಗಾಢವಾಗಿದೆ ಎಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಚರ್ಚೆ ಇರಲಿ. ಬಿಸಿಲಾಗಲಿ ದೀಪವಾಗಲಿ ತೋರಿಸಲಾರದ ನೋಟವೊಂದನ್ನು ಮನುಷ್ಯ ಕಂಡದ್ದಂತೂ ನಿಜ.

ಅದಕ್ಕೆ ಅವರು ಇಟ್ಟ ಹೆಸರು 'ಓಲೋ'. ಮೂರು ಕೋಶಗಳಲ್ಲಿ ಮೊದಲನೆಯದು ಸೊನ್ನೆ, ನಡುವಿನದು ಒಂದು, ಕೊನೆಯದು ಸೊನ್ನೆ. 0, 1, 0 ಎಂಬ ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳಂತೆ ಓದಿದರೆ 'ಓಲೋ'. ಹೆಸರಿಡಲು ಅವರಿಗೆ ಹಣ್ಣು ಸಿಗಲಿಲ್ಲ, ಹೂವೂ ಸಿಗಲಿಲ್ಲ. ನನ್ನ ವಿದ್ಯಾರ್ಥಿನಿ ಅಂದು ಕೇಳಿದ್ದು ಇದನ್ನೇ ಅಲ್ಲವೇ?

ಆದ್ದರಿಂದ ಮಗಳೇ, ಹೊಸ ಬಣ್ಣದ ಡಬ್ಬಿ ಮಾಡಿ ಈ ನೋಟವನ್ನು ಗೋಡೆಗೆ ಬಳಿಯಲು ಆಗುವುದಿಲ್ಲ. ಆದರೆ ಕಣ್ಣಿನ ಒಳಗೆ ಹೊಸದೊಂದನ್ನು ಕಾಣಿಸಬಹುದು. ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು.

ವಿದ್ಯಾರ್ಥಿಗಳೇ, ಶಿಕ್ಷಕರು ಕುಳಿತುಕೋ ಎಂದರೂ ನಿಮ್ಮ ಪ್ರಶ್ನೆಯನ್ನು ಬಿಡಬೇಡಿ. ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ, ಮತ್ತೊಬ್ಬರನ್ನು ಕೇಳಿ. ಪೋಷಕರೇ, ಶಿಕ್ಷಕ ಬಂಧುಗಳೇ, "ನನಗೆ ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ" ಎನ್ನುವುದರಿಂದ ನಮ್ಮ ಗೌರವ ಕಡಿಮೆಯಾಗುವುದಿಲ್ಲ. ನಾನು ಈಗ ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ.