ಒರಟು ಕೆಲಸದ ಕೋವಿಯನ್ನು ನಂಬಬಹುದೆ?



ಕೋವಿಯ ವಿಷಯವಾಗಿ ಮಾತನಾಡಲು ನಮಗೇನು ಅಧಿಕಾರವೆಂದು ನಮ್ಮನ್ನು ಬಲ್ಲವರು ಕೇಳಬಹುದು. ನಾವು ಕಾಲೇಜಿನಲ್ಲಿ ಗಣಿತವನ್ನು ಬೋಧಿಸತಕ್ಕವರು. ಬೇಟೆಗಾರರೂ ಅಲ್ಲ, ಸಿಪಾಯಿಗಳೂ ಅಲ್ಲ. ಆದರೆ ಒಂದು ಕೋವಿಯ ಯೋಗ್ಯತೆಯನ್ನು ಒಮ್ಮೆ ತಪ್ಪಾಗಿ ತೂಗಿ, ಆ ತಪ್ಪಿನಿಂದ ಹನ್ನೆರಡು ವರ್ಷದ ಹುಡುಗನೊಬ್ಬನ ಕಾಲು ಹೋಗುವುದು ಕೂದಲೆಳೆಯಷ್ಟರಲ್ಲಿ ತಪ್ಪಿದ್ದನ್ನು ಕಣ್ಣಾರೆ ಕಂಡವರು. ಇಂದಿನ ಮಾತಿಗೆ ನಮಗಿರುವ ಅಧಿಕಾರ ಅಷ್ಟೇ.

ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕುಗಳ ನೆಲದ ಗುಣವನ್ನು ಮೊದಲು ಹೇಳಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಹೊಳೆಸಾಲುಗಳು. ಕುಮಟೆಗೆ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ. ಹೊಳೆಯ ದಂಡೆಗಳಲ್ಲಿ ಅಡಿಕೆ ತೆಂಗಿನ ತೋಟ, ಅದರಾಚೆ ಗದ್ದೆ, ಗದ್ದೆಯ ತಲೆಯ ಮೇಲೆಯೇ ಕಾಡು. ಭತ್ತ ತೆನೆ ಬಿಟ್ಟಿತೆಂದರೆ ಹಂದಿಗಳಿಗೆ ಆಮಂತ್ರಣ ಬಂದಂತೆ. ಎಳನೀರು ಬಲಿಯುವುದೇ ತಡ, ಮಂಗಗಳು ಬರುತ್ತವೆ. ಆದಕಾರಣ ಹಳ್ಳಿಯ ಅನೇಕ ಮನೆಗಳಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯೊಂದು ಇರುತ್ತದೆ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವಂತಿಲ್ಲ. ಹೆಚ್ಚಿನ ಈಡುಗಳು ಆಕಾಶಕ್ಕೇ, ಸದ್ದಿಗಾಗಿಯೇ.

ಈ ಕೋವಿಗಳನ್ನು ಪಟ್ಟಣದ ಜನರು ರೈಫಲ್ ಎಂದು ಕರೆದುಬಿಡುತ್ತಾರೆ. ಅದು ಸರಿಯಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದು, ಗುಂಡು ಬುಗುರಿಯಂತೆ ತಿರುಗುತ್ತ ಹೋಗುವ ಹಾಗೆ ಮಾಡಿದ ಆಯುಧವೇ ರೈಫಲ್. ನಮ್ಮ ಹೊಳೆಸಾಲಿನ ಕೇಪಿನ ಕೋವಿಯ ನಳಿಗೆ ಒಳಗೆ ಬೋಳು. ಬಾಯಿಯಿಂದ ಮದ್ದು ಹಾಕಿ, ಚರೆ ಹಾಕಿ, ಗಜದಿಂದ ಜಡಿದು, ಹಿಂದೆ ಕೇಪು ಕೂರಿಸಿ ಹಾರಿಸತಕ್ಕದ್ದು. ಆದರೆ ನಮ್ಮ ಪ್ರಶ್ನೆ ಎರಡಕ್ಕೂ ಒಂದೇ: ನೋಡುವುದಕ್ಕೆ ಒರಟಾಗಿ ಮಾಡಿದ ಆಯುಧವು ಬೇಕಾದ ಹೊತ್ತಿಗೆ ಕೈಕೊಡುತ್ತದೆಯೆ? ನಯವಾದದ್ದು ಕೈಕೊಡುವುದಿಲ್ಲವೆ?

ಕೆಲವು ವರ್ಷಗಳ ಹಿಂದೆ ಹೊನ್ನಾವರದ ಮೇಲುಗಡೆ ಶರಾವತಿಯ ದಂಡೆಯಲ್ಲಿರುವ ನಮ್ಮ ನಂಟರ ಮನೆಗೆ ಹೋಗಿದ್ದೆವು. ಮನೆಯ ಹಿರಿಯರು ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಎರಡು ಕೋವಿಗಳಿದ್ದವು. ಮಗನು ಒಂದನ್ನು ಮಾತ್ರ ತನ್ನ ಹೆಸರಿಗೆ ಮಾಡಿಸಿಕೊಂಡು ಇನ್ನೊಂದನ್ನು ಒಪ್ಪಿಸಿಬಿಡುವ ವಿಚಾರದಲ್ಲಿದ್ದನು. ಜಗಲಿಯ ಮೇಲೆ ಎರಡನ್ನೂ ಮಲಗಿಸಿ, "ಭಾವಾ, ನೀವು ಓದಿದವರು. ಯಾವುದನ್ನು ಇಟ್ಟುಕೊಳ್ಳಲಿ, ನೋಡಿ ಹೇಳಿ" ಎಂದನು. ಓದಿದವರು ಎಂಬ ಮಾತು ಕೇಳಿದ ಮೇಲೆ ಸುಮ್ಮನಿರುವುದು ಓದಿದವರಿಗೆ ಕಷ್ಟ.

ಒಂದು ದೂರದ ಪೇಟೆಯಿಂದ ತಂದದ್ದು. ನಳಿಗೆಗೆ ನೀಲಿಗಪ್ಪು ಹೊಳಪು, ಮರದ ಹಿಡಿಗೆ ಬಳ್ಳಿಯ ಕೆತ್ತನೆ. ಇನ್ನೊಂದು ಊರಿನದೇ ಹಳೆಯ ಕೆಲಸ. ನಳಿಗೆಯ ಮೇಲೆ ಅರದ ಗೆರೆಗಳು ಹಾಗೆಯೇ ಇದ್ದವು. ಕುದುರೆಯ ಸುತ್ತಿನ ಕಬ್ಬಿಣದ ಬಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಿಡಿ ಹಲಸಿನ ಮರದ್ದು, ಕತ್ತಿಯಲ್ಲಿ ಕೆತ್ತಿದಂತೆ ಕಾಣುತ್ತಿತ್ತು. ನಾವು ಎರಡನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ, ಬಹಳ ತಿಳಿದವರಂತೆ ತಲೆದೂಗಿ, ಹೊಳೆಯುವುದನ್ನು ಇಟ್ಟುಕೋ ಎಂದೆವು. ಹೊರಗೇ ಇಷ್ಟು ಅಸಡ್ಡೆ ಮಾಡಿದವನು ಒಳಗೆ ಏನು ಮಾಡಿರಬಹುದೆಂಬುದು ನಮ್ಮ ತರ್ಕ. ತರ್ಕ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ ನಾವೇ ನಿಂತು ಹತ್ತು ಈಡು ಹಾರಿಸಿ ನೋಡಿಸಿದೆವು, ಹತ್ತೂ ಹಾರಿದವು.

ಮಳೆಗಾಲ ಮುಗಿಯುವ ಮುಂಚೆ ನಾವು ಪುನಃ ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಗದ್ದೆಯ ಅಂಚಿಗೆ ಹಂದಿಗಳು ಬಂದವು. ನಂಟನು ಕೋವಿಯನ್ನು ಮೇಲಕ್ಕೆತ್ತಿ ಕುದುರೆಯನ್ನೆಳೆದನು. ಕೇಪು ಪಟ್ಟೆಂದಿತು, ಈಡು ಹಾರಲಿಲ್ಲ. ಇನ್ನೇನು ಕೆಟ್ಟಿತೆಂದು ಅವನು ನಳಿಗೆಯನ್ನು ಕೆಳಗಿಳಿಸಿದನು. ಆಗ ಹಾರಿತು. ಅವನ ಮಗ ನಿಂತಿದ್ದ ಜಾಗದಿಂದ ಒಂದು ಗೇಣಿನಾಚೆ ಗದ್ದೆಯ ಬದು ಸಿಡಿದು ಕೆಸರು ಹುಡುಗನ ಮೊಣಕಾಲಿನವರೆಗೆ ಎರಚಿತು. ಹುಡುಗನು ಅಳಲಿಲ್ಲ; ತನ್ನ ಕಾಲನ್ನೇ ನೋಡುತ್ತ ನಿಂತುಬಿಟ್ಟನು. ಅವನ ತಂದೆ ಕೋವಿಯನ್ನು ನೀರಿಗೆ ಎಸೆದನು. ಆ ರಾತ್ರಿ ಮನೆಯಲ್ಲಿ ನಮ್ಮನ್ನು ಯಾರೂ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕರೆದು ಬಡಿಸಿದರು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಮರುದಿನ ನೀರಿನಿಂದ ತೆಗೆದ ಕೋವಿಯನ್ನೂ, ಮೂಲೆಯಲ್ಲಿದ್ದ ಒರಟು ಕೋವಿಯನ್ನೂ ಕೋವಿ ರಿಪೇರಿಗೆ ಪರವಾನಗಿಯುಳ್ಳ ಒಬ್ಬ ವೃದ್ಧ ಆಚಾರಿಯಲ್ಲಿಗೆ ಒಯ್ದೆವು. ಅವರು ನಯವಾದದ್ದರ ಹಿಂಬದಿಯನ್ನು ಬಿಚ್ಚಿ, ಕೇಪಿನ ಕಿಡಿ ಮದ್ದಿನ ಕಡೆಗೆ ಹಾಯುವ ಸಣ್ಣ ದಾರಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಕೊರೆದ ಮೇಲೆ ಅದರ ಅಂಚನ್ನು ಯಾರೂ ಸವರಿಯೇ ಇರಲಿಲ್ಲ. ಮುಳ್ಳಿನಂತೆ ಎದ್ದ ಆ ಅಂಚಿಗೆ ಹಳೆಯ ಮದ್ದಿನ ಕಿಟ್ಟ ಕಚ್ಚಿಕೊಂಡು, ಮಳೆಗಾಲದ ತೇವವನ್ನು ಹೀರಿ, ದಾರಿಯನ್ನು ಮುಕ್ಕಾಲು ಮುಚ್ಚಿತ್ತು. ಕಿಡಿ ಒಳಕ್ಕೆ ನುಗ್ಗಲಾರದೆ ಅಲ್ಲಿಯೇ ಕನಲುತ್ತಿದ್ದು, ತಡವಾಗಿ ಮದ್ದನ್ನು ಮುಟ್ಟಿತು. ಕೇಪನ್ನು ಕೂರಿಸುವ ಪುಟ್ಟ ಕೊಳವೆಯ ತಿರುಪೂ ಸಡಿಲ, ಕೈಯಲ್ಲೇ ಅಲ್ಲಾಡುತ್ತಿತ್ತು. ಅನಂತರ ಒರಟು ಕೋವಿಯನ್ನು ಬಿಚ್ಚಿದರು. ಹಿಂಬದಿಯ ತಿರುಪಿನ ಹಲ್ಲುಗಳು ತುಂಬಿಕೊಂಡು ಕೂತಿದ್ದವು. ನಳಿಗೆಯ ಒಳಮೈ ಕನ್ನಡಿಯಲ್ಲದಿದ್ದರೂ ಸಮನಾಗಿತ್ತು. ಕಿಡಿಯ ದಾರಿ ಚೊಕ್ಕಟವಾಗಿತ್ತು.

"ಮಾಸ್ತರೇ, ಈ ಕೆಲಸದವನು ಕೈಗೆ ತಾಗುವ ಕಡೆ ಸಮಯ ಕಳೆಯಲಿಲ್ಲ, ಬೆಂಕಿಗೆ ತಾಗುವ ಕಡೆ ಕಳೆದಿದ್ದಾನೆ" ಎಂದರು. ನಮ್ಮ ತರ್ಕವನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ಹಾಗಾದರೆ ಒರಟು ಕೆಲಸವೇ ಮೇಲೆಂದು ಹೇಳಬಹುದೆ? ಅದು ಮೊದಲಿನ ತಪ್ಪನ್ನೇ ತಲೆಕೆಳಗು ಮಾಡಿದಂತೆ. ನಯವಾದ ಕೋವಿ ಕೆಟ್ಟದ್ದೂ ಒರಟು ಕೆಲಸದಿಂದಲೇ. ಆ ಒರಟು ಕಣ್ಣಿಗೆ ಬೀಳದ ಜಾಗದಲ್ಲಿತ್ತು, ಅಷ್ಟೆ. ಆಮೇಲೆ ಈ ವಿಷಯವಾಗಿ ಪುಸ್ತಕಗಳನ್ನು ತಿರುವಿದಾಗ ದೊಡ್ಡ ದೊಡ್ಡ ರಾಷ್ಟ್ರಗಳೇ ನಮ್ಮಂತೆ ಮೋಸಹೋದ ಸಂಗತಿಗಳು ಸಿಕ್ಕಿದವು.

ಕೆನಡಾ ದೇಶದ ರಾಸ್ ರೈಫಲ್ ಬಹು ಅಚ್ಚುಕಟ್ಟಾದ ಆಯುಧ. ಗುರಿಯಲ್ಲಿ ಅದಕ್ಕೆ ಸಾಟಿಯಾದವು ಕೆಲವೇ. ಒಂದನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಈಪ್ರದ ಬಳಿ ಕೆನಡಾದ ಸೈನಿಕರು ಅದನ್ನು ಹಿಡಿದು ನಿಂತರು. ತೋಟಾ ಕೂರುವ ಗೂಡು ಬಿಗಿ. ಬ್ರಿಟನ್ನಿನ ಕಾರ್ಖಾನೆಗಳಿಂದ ಬಂದ ತೋಟಾಗಳು ಅಳತೆಯಲ್ಲಿ ಒಂದಿಷ್ಟು ದಪ್ಪ. ಅದರ ಮೇಲೆ ಕಂದಕದ ಕೆಸರು. ಕೆಲವು ಈಡುಗಳಾದ ಮೇಲೆ ಅಗುಳಿ ಕಚ್ಚಿಕೊಂಡು ಬಿಡುತ್ತಿತ್ತು. ಸೈನಿಕರು ಬೂಟುಗಾಲಿನಿಂದ ಒದ್ದು ತೆರೆಯಬೇಕಾಯಿತು. ಎಷ್ಟೋ ಮಂದಿ ಅದನ್ನು ಬಿಸುಟು, ಸತ್ತವರ ಬಳಿಯಿದ್ದ ಲೀ-ಎನ್‌ಫೀಲ್ಡ್ ಕೋವಿಗಳನ್ನು ಎತ್ತಿಕೊಂಡರು. 1916ರಲ್ಲಿ ಸರಕಾರವೇ ಅದನ್ನು ಹಿಂದೆಗೆದುಕೊಂಡಿತು. ದೂರದಿಂದ ಗುರಿಯಿಡುವ ನಿಪುಣರು ಮಾತ್ರ ಅದನ್ನು ಬಿಡಲೊಲ್ಲದೆ ಇಟ್ಟುಕೊಂಡರಂತೆ. ಅವರ ಕೈಯಲ್ಲಿ ಅದು ಚೊಕ್ಕಟವಾಗಿಯೂ ನಿಧಾನವಾಗಿಯೂ ನಡೆಯಿತು. ಒಂದೇ ಕೋವಿ, ಎರಡು ತೀರ್ಪು.

ಇದಕ್ಕೆದುರಾಗಿ ಎರಡನೆಯ ಯುದ್ಧದಲ್ಲಿ ರಷ್ಯದವರು ಮಾಡಿದ ಮೋಸಿನ್ ರೈಫಲ್ಲುಗಳಿವೆ. 1941ರಲ್ಲಿ ಶತ್ರು ಮನೆಯೊಳಗೆ ನುಗ್ಗಿದ ಮೇಲೆ ಹೊರಮೈಯನ್ನು ಉಜ್ಜಲು ಅವರಿಗೆ ಪುರಸೊತ್ತಿರಲಿಲ್ಲ. 1942, 1943ರ ಕೋವಿಗಳ ಮೇಲೆ ಯಂತ್ರದ ಗೀರುಗಳು ಉಳುಮೆಯ ಸಾಲಿನಂತೆ ಕಾಣುತ್ತವೆ. ಆದರೆ ಅಗುಳಿ ಕಚ್ಚುವ ಜಾಗ, ತೋಟಾದ ಗೂಡು, ನಳಿಗೆಯ ಒಳಮೈ, ಇವುಗಳಲ್ಲಿ ಅವರು ಅಷ್ಟು ಧಾರಾಳಿಗಳಾಗಲಿಲ್ಲ. ಬ್ರಿಟಿಷರ ಸ್ಟೆನ್ ಗನ್ನು ಇನ್ನೂ ಒರಟು, ಕೊಳಾಯಿಯ ತುಂಡಿನಂತೆ. ಅದಕ್ಕೆ ಕೆಟ್ಟ ಹೆಸರೂ ಬಂದಿತು. ಆದರೆ ಅದರ ಮುಖ್ಯ ದೋಷ ಆ ಒರಟು ಬೆಸುಗೆಯಲ್ಲಿರಲಿಲ್ಲ. ತೋಟಾಗಳ ಪೆಟ್ಟಿಗೆಯ ಬಾಯಿಯಲ್ಲಿತ್ತು. ಆ ತಗಡಿನ ತುಟಿ ಒಂದಿಷ್ಟು ಜಜ್ಜಿದರೂ ತೋಟಾ ಓರೆಯಾಗಿ ಸಿಕ್ಕಿಬೀಳುತ್ತಿತ್ತು.

ಎಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿದದ್ದು ಅಮೆರಿಕದ ಸಂಗತಿ. ಅಲ್ಲಿಯ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್ ನೋಟದಲ್ಲಿ ಗಡಿಯಾರದ ಕೆಲಸ. ಆದರೆ ಅದರ ಮುಖ್ಯ ಭಾಗದ ಉಕ್ಕನ್ನು ಕಾಯಿಸುವಾಗ ಹದವನ್ನು ಕೆಲಸಗಾರರು ಬಣ್ಣ ನೋಡಿಯೇ ನಿರ್ಣಯಿಸುತ್ತಿದ್ದರು, ನಮ್ಮ ಕುಲುಮೆಗಳಲ್ಲಿ ನಡೆಯುವಂತೆ. ಮೋಡದ ದಿನ ಕೆಂಪಾಗಿ ಕಾಣುವ ಕಬ್ಬಿಣ ಬಿಸಿಲಿನ ದಿನ ಮಂಕಾಗಿ ಕಾಣುತ್ತದಷ್ಟೆ. ಇನ್ನೂ ಕಾದಿಲ್ಲವೆಂದು ಹೆಚ್ಚು ಕಾಯಿಸಿದರೆ ಉಕ್ಕು ಬೆಂದು ಗಾಜಿನಂತೆ ಪೆಡಸಾಗುತ್ತದೆ. 1917ರಲ್ಲಿ ಕೆಲವು ಕೋವಿಗಳು ಹಾರಿಸುವವನ ಮುಖದ ಹತ್ತಿರವೇ ಒಡೆದ ಮೇಲೆ ಈ ಗುಟ್ಟು ಬಯಲಾಯಿತು. 1918ರಲ್ಲಿ ಶಾಖವನ್ನು ಅಳೆಯುವ ಯಂತ್ರವನ್ನಿಟ್ಟು ಹದ ಕೊಡುವ ಕ್ರಮವನ್ನೇ ಬದಲಾಯಿಸಿದರು. ಆ ಕಾರ್ಖಾನೆಯ ಸುಮಾರು 8 ಲಕ್ಷಕ್ಕಿಂತ ಕೆಳಗಿನ ಸಂಖ್ಯೆಯ ಕೋವಿಗಳನ್ನು ಬಲ್ಲವರು ಹಾರಿಸುವುದಿಲ್ಲ. ನೋಡಿದರೆ ಅವುಗಳಲ್ಲಿ ಒಂದು ಗೀರೂ ಇಲ್ಲ. ಉಜ್ಜುಗಾರಿಕೆಯ ಒರಟನ್ನು ಕಣ್ಣು ಹಿಡಿಯುತ್ತದೆ. ಹದಗೆಟ್ಟ ಉಕ್ಕನ್ನು ಯಾವ ಕಣ್ಣೂ ಹಿಡಿಯದು. ಅದಕ್ಕಾಗಿಯೇ ರೂಢಿಯ ಮದ್ದಿಗಿಂತ ಹೆಚ್ಚು ಮದ್ದು ತುಂಬಿ, ದೂರ ನಿಂತು ಹಾರಿಸಿ ನೋಡುವ ಪರೀಕ್ಷಾಲಯಗಳಿರುವುದು. ಬರ್ಮಿಂಗ್‌ಹ್ಯಾಮಿನಲ್ಲಿ ಅಂಥದ್ದೊಂದು 1813ರಲ್ಲಿ ಏರ್ಪಟ್ಟಿತು.

ಇನ್ನು ಹತ್ತು ಈಡಿನ ಮಾತು. ಇಲ್ಲಿ ನಮ್ಮ ತಪ್ಪು ದ್ವಿಗುಣ, ಏಕೆಂದರೆ ಇದು ನಮ್ಮ ವಿದ್ಯೆಗೇ ಸೇರಿದ್ದು. ನಂಬಿಕೆಯೆಂಬುದು ನೋಡಿ ತಿಳಿಯತಕ್ಕದ್ದಲ್ಲ, ಎಣಿಸಿ ತಿಳಿಯತಕ್ಕದ್ದು. 1834ರಲ್ಲಿ ಇಂಗ್ಲೆಂಡಿನ ವುಲ್ವಿಚ್ಚಿನಲ್ಲಿ ಹಳೆಯ ಚಕಮಕಿ ಕೋವಿಗೂ ಹೊಸ ಕೇಪಿನ ಕೋವಿಗೂ ಸ್ಪರ್ಧೆಯನ್ನಿಟ್ಟು, ಒಂದೊಂದರಿಂದಲೂ 6000 ಈಡು ಹಾರಿಸಿದರು. ಚಕಮಕಿ 922 ಬಾರಿ ತಪ್ಪಿತು. ಕೇಪು 36 ಬಾರಿ. ಆ ಲೆಕ್ಕ ಲೆಕ್ಕವೆನಿಸುತ್ತದೆ. ನಾವು ಹತ್ತು ಈಡಿಗೆ ತೃಪ್ತರಾದೆವು. ಹತ್ತಕ್ಕೊಂದು ಬಾರಿ ತಪ್ಪುವ ಕೋವಿಯನ್ನು ತೆಗೆದುಕೊಂಡರೂ ಅದು ಹತ್ತು ಸಲ ಒಂದೇ ಸಮನೆ ಹಾರುವ ಸಂಭವ ನೂರಕ್ಕೆ ಸುಮಾರು 35. ನಾಲ್ಕಕ್ಕೊಂದು ತಪ್ಪುವಂಥ ಕೆಟ್ಟ ಕೋವಿಗೂ ನೂರಕ್ಕೆ ಐದಾರು ಬಾರಿ ಈ ಅದೃಷ್ಟವುಂಟು. ಇದನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವವರು ನಾವೇ. ಅದರ ಮೇಲೆ, ಪರೀಕ್ಷೆ ನಡೆದದ್ದು ಬೇಸಿಗೆಯಲ್ಲಿ; ಕೆಲಸ ಬಿದ್ದದ್ದು ಮಳೆಗಾಲದಲ್ಲಿ.

ಆ ಮಳೆಯನ್ನು ಮರೆಯುವಂತಿಲ್ಲ. ಹೊನ್ನಾವರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಗಾಳಿಯಲ್ಲಿ ಸಮುದ್ರದ ಉಪ್ಪು ಬೇರೆ. ಕರಿಮದ್ದು ಉರಿದ ಮೇಲೆ ಉಳಿಯುವ ಕಿಟ್ಟಕ್ಕೆ ನೀರನ್ನು ಎಳೆದುಕೊಳ್ಳುವ ಗುಣವುಂಟು. ಒಣಸೀಮೆಯಲ್ಲಿ ಎರಡು ದಿನ ತಡೆಯುವ ಕೋವಿ ಇಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಇದೇ ಹೊನ್ನಾವರದ ಕೋಟೆಯನ್ನು 1783–84ರಲ್ಲಿ ಕ್ಯಾಪ್ಟನ್ ಟೋರಿಯಾನೋ ಎಂಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಸೈನ್ಯಕ್ಕೆ ಎದುರಾಗಿ ತಿಂಗಳುಗಟ್ಟಲೆ ಹಿಡಿದಿದ್ದನು. ಆಗ ಕೇಪು ಇನ್ನೂ ಹುಟ್ಟಿರಲಿಲ್ಲ. ಬತ್ತಿಗೋವಿಯೊ ಚಕಮಕಿಯೊ, ಕಿಡಿಮದ್ದು ಗಾಳಿಮಳೆಗೆ ತೆರೆದೇ ಇರುತ್ತಿದ್ದ ಕಾಲ. ಈ ಕರಾವಳಿಯ ಮಳೆಯಲ್ಲಿ ಎರಡು ಕಡೆಯ ಸಿಪಾಯಿಗಳೂ ಶತ್ರುವಿಗಿಂತ ಆಕಾಶವನ್ನೇ ಹೆಚ್ಚು ಶಪಿಸಿರಬೇಕೆಂದು ನಮ್ಮ ಊಹೆ.

ಆದುದರಿಂದ ಹೊರಮೈಯ ಒರಟಿಗೂ ಇಲ್ಲಿ ಒಂದು ದೋಷವನ್ನು ಒಪ್ಪಲೇಬೇಕು. ಅರದ ಗೆರೆಗಳಲ್ಲಿ ತೇವ ನಿಲ್ಲುತ್ತದೆ, ತುಕ್ಕು ಅಲ್ಲಿಂದ ಆರಂಭವಾಗುತ್ತದೆ. ಈಡು ತಪ್ಪಲು ಅದು ಕಾರಣವಲ್ಲ. ಆದರೆ ಯಜಮಾನನು ಸೋಮಾರಿಯಾದರೆ ವರ್ಷಗಳ ಮೇಲೆ ಕಾರಣವಾದೀತು. ಆಚಾರಿಯವರು ಹೇಳಿದ ಔಷಧ ಸುಲಭವಾದದ್ದು: ಹಾರಿಸಿದ ದಿನವೇ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ನಳಿಗೆಯನ್ನು ತೊಳೆದು, ಒಣ ಬಟ್ಟೆ ಎಳೆದು, ಎಣ್ಣೆ ಸವರತಕ್ಕದ್ದು. ಕೇಪು ಸಿಡಿದು ಈಡು ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಸಾವಕಾಶವಾಗಿ ಒಂದು ನಿಮಿಷ ಕಾಯತಕ್ಕದ್ದು. ಎರಡನೆಯ ಮಾತನ್ನು ಹೇಳುವಾಗ ಅವರು ನಂಟನ ಮುಖವನ್ನು ನೋಡಲಿಲ್ಲ, ನಮ್ಮ ಮುಖವನ್ನು ನೋಡಿದರು.

ಕಡೆಗೆ ಒರಟು ಕೋವಿಯೇ ಮನೆಯಲ್ಲಿ ಉಳಿಯಿತು. ನಯವಾದದ್ದನ್ನು ಒಪ್ಪಿಸಲು ನಂಟನ ಜೊತೆಗೆ ನಾವೂ ಹೋಗಿದ್ದೆವು. ಅಲ್ಲಿದ್ದ ಗುಮಾಸ್ತರು ಅದರ ಹಿಡಿಯ ಕೆತ್ತನೆಯ ಮೇಲೆ ಬೆರಳಾಡಿಸಿ, "ಇಷ್ಟು ಒಳ್ಳೆಯದನ್ನು ಯಾಕೆ ಕೊಡುತ್ತೀರಿ ಹೆಗಡೇರೆ, ಮನೆಯಲ್ಲಿ ಇದಕ್ಕಿಂತ ಚಂದದ್ದು ಇದೆಯೋ?" ಎಂದು ಕೇಳಿದರು. ನಂಟನು "ಹೌದು" ಎಂದು ರುಜು ಹಾಕಿದನು. ಹುಡುಗನು ಈಗಲೂ ತಂದೆ ಕೋವಿ ಎತ್ತಿದರೆ ಮನೆಯ ಒಳಗೆ ಹೋಗಿ ನಿಲ್ಲುತ್ತಾನೆ. ಯಾವ ಕೋವಿ ಎಂದು ಅವನು ವಿಚಾರಿಸುವುದಿಲ್ಲ.