ಮೊದಲ ಪ್ರಶ್ನೆ ಮನೆಮಾತಿನಲ್ಲಿರಲಿ

ಮನಶ್ಶಾಸ್ತ್ರ ಓದುತ್ತಿರುವ ಗೆಳೆಯ ಗೆಳತಿಯರೇ,

1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಮಕ್ಕಳ ಪರವಾಗಿ ಮೊಕದ್ದಮೆಯೊಂದು ದಾಖಲಾಯಿತು. ಡಯಾನಾ ಪ್ರಕರಣವೆಂದೇ ಅದು ಹೆಸರಾಗಿದೆ. ಮೆಕ್ಸಿಕನ್ ಮೂಲದ ಆ ಮಕ್ಕಳ ಮನೆಮಾತು ಸ್ಪ್ಯಾನಿಷ್. ಶಾಲೆಯವರು ಇಂಗ್ಲಿಷಿನಲ್ಲಿ ಬುದ್ಧಿಪರೀಕ್ಷೆ ನಡೆಸಿ, ಅವರನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಸ್ಪ್ಯಾನಿಷಿನಲ್ಲಿ ಮತ್ತೆ ಕೇಳಿ ನೋಡಿದರೆ ಹೆಚ್ಚಿನವರು ಆ ತರಗತಿಯಲ್ಲಿ ಇರಬೇಕಾದವರೇ ಅಲ್ಲ! ಮಗುವನ್ನು ಅದರ ಮನೆಮಾತಿನಲ್ಲೇ ಪರೀಕ್ಷಿಸಬೇಕೆಂಬ ನಿಯಮ 1975ರಲ್ಲಿ ಆ ದೇಶದ ಕಾನೂನಿಗೇ ಸೇರಿತು.

ಕನ್ನಡ ನಾಡಿಗೆ ಈ ಅರಿವು ಹೊಸದಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿ, ಧಾರವಾಡದ ಮಕ್ಕಳಲ್ಲಿ ಪ್ರಯೋಗಿಸಿ, 1940ರಲ್ಲೇ ಪುಸ್ತಕ ಬರೆದರು. ಆದರೆ ಕನ್ನಡಕ್ಕೆ ತಂದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಲಂಬಾಣಿ ತಾಂಡಾದ ಮಗು ಅವ್ವನನ್ನು 'ಯಾಡಿ' ಎಂದು ಕರೆಯುತ್ತದೆ. ಅದು ಕನ್ನಡ ಕಲಿಯುವುದೇ ಶಾಲೆಗೆ ಬಂದ ಮೇಲೆ. ಅಪ್ಪ ಅವ್ವನ ಜೊತೆ ಗುಳೆ ಹೋದರೆ ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ. ಹಿರಿಯರೆದುರು ಬಾಯಿ ಬಿಡಬಾರದೆಂದು ಮನೆಯಲ್ಲಿ ಕಲಿತ ಮಗು ಅಪರಿಚಿತ ಪರೀಕ್ಷಕರ ಮುಂದೆ ತಲೆ ತಗ್ಗಿಸಿ ಸುಮ್ಮನಾಗುತ್ತದೆ. ಆ ಮೌನಕ್ಕೆ ಸೊನ್ನೆ ಹಾಕಿದ ಕೈಯದೇ ತಪ್ಪು, ಮಗುವಿನದಲ್ಲ.

ಹಾಗೆಂದು ಪರೀಕ್ಷೆಗಳನ್ನೇ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಕಲಿಕಾ ನ್ಯೂನತೆ ಇರುವ ಮಕ್ಕಳು ನಿಜವಾಗಿಯೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರನ್ನು ಗುರುತಿಸಿ ಹಕ್ಕು ಕೊಟ್ಟಿದೆ. ಬೇರೆ ಭಾಷೆಯ ಮಗು ಎಂದು ಅಂಥವರನ್ನು ಕಡೆಗಣಿಸಿದರೆ ಅದೂ ಅನ್ಯಾಯವೇ. ಮನೆಮಾತಿನಲ್ಲಿ ಕತೆ ಹೇಳಲು, ಹೇಳಿದ್ದನ್ನು ನೆನಪಿಡಲು ಮಗು ತೊಡಕು ಪಡುತ್ತಿದೆಯೇ? ಅಥವಾ ಶಾಲೆಯ ಭಾಷೆಯಲ್ಲಿ ಮಾತ್ರ ತಡವರಿಸುತ್ತಿದೆಯೇ? ಎರಡೂ ಭಾಷೆಗಳಲ್ಲಿ ತೊಡಕಿದ್ದರೆ ಆಳವಾಗಿ ಪರೀಕ್ಷಿಸಬೇಕು. ಶಾಲೆಯ ಭಾಷೆಯಲ್ಲಷ್ಟೇ ಇದ್ದರೆ ಆ ಭಾಷೆ ಕಲಿಯಲು ಕಾಲ ಕೊಡಬೇಕು. ಇದನ್ನು ತಿಳಿಯಲು ಮಗುವಿನ ಅವ್ವನ ಜೊತೆ, ಅಜ್ಜಿಯ ಜೊತೆ ಕೂತು ಮಾತನಾಡಬೇಕು. ಅಂಕಪಟ್ಟಿಯೊಂದರಿಂದ ಇದು ತಿಳಿಯುವುದಿಲ್ಲ.

ಈ ಕೆಲಸಕ್ಕೆ ನೀವು ಬೇಕು. ತುಳು, ಬ್ಯಾರಿ, ಕೊಡವ, ಕೊಂಕಣಿ, ಉರ್ದು, ಲಂಬಾಣಿ, ಸೋಲಿಗರ ನುಡಿ ಆಡುವ ಮನೆಗಳಿಂದ ಬಂದವರೇ ಬೇಕು. ಕಾಲೇಜಿನಲ್ಲಿ ಯಾರಾದರೂ ನಕ್ಕಾರೆಂದು ಮನೆಮಾತನ್ನು ಮುಚ್ಚಿಟ್ಟಿದ್ದೀರಾ? ಹೊರಗೆ ತನ್ನಿ. ಪದವಿಯಷ್ಟೇ ತೂಕದ ಅರ್ಹತೆ ಅದು. ಕನ್ನಡವೇ ಮನೆಮಾತಾಗಿರುವವರು ಇನ್ನೊಂದು ನುಡಿ ಕಲಿಯಿರಿ. ಅಲ್ಲಿಯವರೆಗೆ ಆ ನುಡಿ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬರುವ ಜೂನ್‌ನಲ್ಲಿ ನಿಮ್ಮೂರ ಸರ್ಕಾರಿ ಶಾಲೆಗೆ ಹೋಗಿ. ದಡ್ಡರೆಂದು ಹಿಂದಿನ ಸಾಲಿಗೆ ಕಳಿಸಿದ ಮಕ್ಕಳು ಯಾರೆಂದು ಮೇಷ್ಟ್ರನ್ನು ಕೇಳಿ. ಆ ಮಕ್ಕಳ ಪಕ್ಕದಲ್ಲಿ ಕೂತು, ಅವರ ಮನೆಮಾತಿನಲ್ಲಿ ಮಾತು ಶುರುಮಾಡಿ.